ಬಂದ್ ಮಾಡದ ಲ್ಯಾಪ್‌ಟಾಪ್

ಬಸವಕಲ್ಯಾಣದ ಕಾಳಿನ ವ್ಯಾಪಾರಿ ಮಹಾರುದ್ರಪ್ಪನವರು ಶ್ರಾವಣ ಬಂತೆಂದರೆ ಪುರಾಣ ಹೇಳುವವರು. ಪುರಾಣ ಮುಗಿದು ಮಂಗಳವಾಗುವ ತನಕ ಗ್ರಂಥ ಕಟ್ಟಿಡಬಾರದೆಂಬುದು ಅವರ ಮನೆತನದ ನೇಮ. ಮಗಳು ಕೊಡಿಸಿದ ಲ್ಯಾಪ್‌ಟಾಪಿಗೂ ಅದೇ ನೇಮ ಹಚ್ಚಿದ್ದರು. ಬರವಣಿಗೆ ಮುಗಿದಿಲ್ಲವೆಂದು ಹನ್ನೊಂದು ದಿನದಿಂದ ಅದನ್ನು ಬಂದ್ ಮಾಡಿರಲಿಲ್ಲ. ಪಕ್ಕದಲ್ಲಿ ಮೊಬೈಲು, ಅದರ ಇಂಟರ್ನೆಟ್ಟೂ ಹಗಲಿರುಳು ಲ್ಯಾಪ್‌ಟಾಪಿಗೆ ಹರಿಯುತ್ತಿತ್ತು.

ಬರೆಯುತ್ತಿದ್ದುದು ಕೊಡಂಬಲದ ಕುರಿಗಾಹಿ ಮಾಣಿಕಮ್ಮನ ಮದ್ದಿನ ವಿದ್ಯೆ. ಹೇಳುವ ಮೊದಲು ಆಕೆ ಇವರ ಕೈಯನ್ನು ಕುರಿಯ ಬೆನ್ನ ಮೇಲೆ ಇರಿಸಿ ಆಣೆ ಮಾಡಿಸಿದ್ದಳು: "ನಮ್ಮ ಮೊಮ್ಮಗಳು ಧನಶ್ರೀ ದೊಡ್ಡಾಕಿ ಆಗಿ ಕೇಳೋತನಕ ಇದು ನಿಮ್ಮ ಹೊಸ್ತಿಲ ದಾಟಬಾರದ್ರಿ."

ಆ ಬೆಳಿಗ್ಗೆ ಇನ್ನೂ ಹತ್ತು ಹೊಡೆದಿರಲಿಲ್ಲ. ಇಂದಿನ ಇಂಟರ್ನೆಟ್ ಮುಗಿಯಿತೆಂದು ಮೊಬೈಲಿಗೆ ಸಂದೇಶ ಬಂತು. ಮಹಾರುದ್ರಪ್ಪನವರು ಅದನ್ನು ಎರಡು ಸಲ ಓದಿದರು. ಕೂತು ಬರೆದದ್ದು ಬಿಟ್ಟರೆ ತಾವೇನೂ ಮಾಡಿಲ್ಲವಲ್ಲ!

"ನೀವು ಕುಂತಲ್ಲೇ ಕುಂತೀರಿ, ಅದು ಊರ ತಿರಗಾಕತ್ತದ," ಎಂದು ಹೆಂಡತಿ ವಿದ್ಯಾವತಿ ನಕ್ಕಳು. ಇವರಿಗೆ ನಗು ಬರಲಿಲ್ಲ. ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಹುಮನಾಬಾದಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಚೀಲವನ್ನು ಮುಟ್ಟಿ ಮುಟ್ಟಿ ನೋಡಿದರು.

ಅದನ್ನು ಮಾರಿದ ಅಂಗಡಿಯ ಗೌಹರ ಆಣೆಯ ಮಾತನ್ನೆಲ್ಲ ಕೇಳಿಸಿಕೊಂಡಳು. "ಕಾಕಾ, ಹವಾಮಾನ ತೋರ್ಸೋದು ಮಳಿ ಸುದ್ದಿ ಕೇಳಾಕ ಹೊರಗ ಹೋಗತದ. ಗಡಿಯಾರ ಟೈಮ್ ಸರಿ ಅದ ಏನಂತ ಕೇಳತದ. ವೈರಸ್ ಬರದಂಗ ಕಾಯೋದು ಹೊಸಾವು ಯಾವ ಬಂದಾವಂತ ಕೇಳತದ. ನೀವು ತೆರೀದಿದ್ರೂ ಒಳಗ ಎದ್ದೇ ಇರ್ತಾವ, ಕರದಾಗ ಲಗೂನ ಬರಬೇಕಂತ."

"ನಾ ಯಾವಾಗ ಕರದೀನವ್ವಾ?"

"ಮೊದಲನೇ ದಿನ ಕೇಳಿದ್ದಕ್ಕೆಲ್ಲ ಹೂಂ ಅಂತ ಒತ್ತೀರಿ. ಮ್ಯಾಲ ಬಂದ್ ಬ್ಯಾರೆ ಮಾಡಿಲ್ಲ."

"ಅವೆಲ್ಲಾ ಹೋಗ್ಲಿ. ನಾ ಬರದದ್ದು?"

ಗೌಹರ ಮೂಲೆಯಲ್ಲಿದ್ದ ಸಣ್ಣ ಮೋಡದ ಚಿತ್ರ ಒತ್ತಿದಳು. ಅವಳ ನಗು ಇಳಿಯಿತು. "ಇದು ಕಾಪಿ ಇಡೋದ್ರಿ. ಯಂತ್ರ ಕೆಟ್ರ ಕಳೀಬಾರದಂತ ನಿಮ್ಮ ಬರವಣಿಗೀದು ಒಂದು ಕಾಪಿ ಕಂಪನಿ ಕಡೆ ಇಟ್ಟದ."

"ಯಾರರ ಓದ್ಯಾರೇನು?"

"ಪಾಸ್‌ವರ್ಡ್ ಇಲ್ಲದ ಮಂದಿ ಓದಾಂಗಿಲ್ಲ. ಆ ಕಾಪಿ ಅಳಿಸಿ ಇದನ್ನ ಬಂದ್ ಮಾಡತೀನಿ. ಆದ್ರ ಹೊಸ್ತಿಲ ದಾಟಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ ಕಾಕಾ?"

ಅವಳು ಅಳಿಸಿದಳು. ಚಹಾ ತರಿಸಿದಳು. ಮಹಾರುದ್ರಪ್ಪನವರು ಅರ್ಧ ಕುಡಿದು ಎದ್ದರು. ಮನೆಗೆ ಹೋಗಿ ಸುಮ್ಮನಿದ್ದರೆ ಮಾಣಿಕಮ್ಮನಿಗೆ ಯಾರು ಹೇಳುತ್ತಾರೆ? ಆದರೆ ನಾಳೆ ಲಿಂಗಪೂಜೆಗೆ ಕೂತಾಗ ಆ ಆಣೆ ನೆನಪಾಗದೆ ಇದ್ದೀತೆ? ಕೊಡಂಬಲದ ಕಡೆ ಹೊರಟ ಆಟೋದಲ್ಲಿ ಜಾಗ ಹಿಡಿದರು.

ಮಾಣಿಕಮ್ಮ ಹೊಲದ ಬೇವಿನ ಕೆಳಗೆ ಕುಂಟುವ ಕುರಿಯೊಂದರ ಗೊರಸು ಕೆತ್ತುತ್ತಿದ್ದಳು. ಇವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಆಕೆ ಗೊರಸು ಕೆತ್ತಿ ಮುಗಿಸಿ ತಲೆ ಎತ್ತಿದಳು.

"ಕುರಿ ಬೆನ್ನ ಮ್ಯಾಲ ಕೈ ಇಟ್ಟಾವರು ನೀವೋ, ಮಷೀನೋ?"

"ನಾನೇ, ಯವ್ವಾ."

"ಹಂಗಾರ ಮಷೀನಿನ ಮಾತು ಯಾಕ ಹೇಳಾಕತ್ತೀರಿ?"

ಮಹಾರುದ್ರಪ್ಪನವರು ತಲೆ ತಗ್ಗಿಸಿದರು. "ತಪ್ಪು ನಂದೇ."

ಮಾಣಿಕಮ್ಮ ಚಾಕು ಒರೆಸಿದಳು. "ಇನ್ನಾ ಮೂರು ಮದ್ದು ಉಳದಾವ. ಬರಿಯೋದು ಬ್ಯಾಡ. ಕೂಡ್ರಿ, ಬಾಯಿಲೆ ಹೇಳತೀನಿ, ಬಾಯಿಲೆ ಒಪ್ಪಸರಿ."

"ಅರವತ್ತೇಳು ನಡದದ ಯವ್ವಾ. ಮರತ್ರ?"

"ಮರತ್ರ ಮತ್ತ ಬರ್ರಿ. ಬಸ್ಸಿನ ದಾರಿ ಮರೀದಿದ್ರ ಸಾಕು."

ಎರಡನೆಯ ಮದ್ದಿನಲ್ಲೇ ಬೇರಿನ ಹೆಸರು ತಪ್ಪಿತು. ಅವರು ಅಂಗಿಯ ತುದಿ ಹಿಂಡಿದರು. "ಮೊದಲಿಂದ," ಎಂದಳು ಮಾಣಿಕಮ್ಮ. ಅಷ್ಟರಲ್ಲಿ ಜೇಬಿನೊಳಗೆ ಮೊಬೈಲು ತನ್ನಷ್ಟಕ್ಕೆ ತಾನೇ ಗುಂಯ್‌ಗುಟ್ಟಿತು. ಮದ್ದಿನ ಪಾಠಕ್ಕೆ ಇನ್ನೂ ಮಂಗಳವಾಗಿರಲಿಲ್ಲ. ಆದರೂ ಮಹಾರುದ್ರಪ್ಪನವರು ಅದನ್ನು ತೆಗೆದು ಬಂದ್ ಮಾಡಿದರು. ಕುರಿಯ ಬೆನ್ನ ಮೇಲೆ ಕೈಯಿಟ್ಟು ಮೊದಲಿನಿಂದ ಹೇಳತೊಡಗಿದರು.