ಬಾನೆಟ್ ಒಳಗೆ ನಾನು, ಹೊರಗೆ ಭಾವ

ಜಾಕ್ ಮೇಲೆ ಹೋಯಿತು, ಕಾರು ಮೇಲೆ ಹೋಗಲಿಲ್ಲ.

ಮಗಳು ಕುಕ್ಕರುಗಾಲಲ್ಲಿ ಕೂತು ಜಾಕಿನ ಹಿಡಿ ತಿರುಗಿಸುತ್ತಲೇ ಇದ್ದಳು. "ಅಪ್ಪ, ಚಕ್ರ ಏಳ್ತಾನೇ ಇಲ್ಲ."

"ತಿರುಗಿಸು, ತಿರುಗಿಸು. ಬೆಳಿಗ್ಗೆ ತಿಂಡಿ ತಿಂದಿಲ್ವಾ?" ಎಂದೆ, ಬಗ್ಗಿ ಕೂಡ ನೋಡದೆ.

ಕರಕರ ಸದ್ದಾಯಿತು. ಬಾಗಿಲ ಕೆಳಗಿನ ಪಟ್ಟಿ, ಹೊಸ ಕೆನೆಬಣ್ಣದಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿದ್ದ ಪಟ್ಟಿ, ಒಣಗಿದ ಮಣ್ಣಿನ ಹೆಂಟೆಯಂತೆ ಒಡೆದು ಅವಳ ಪಾದದ ಮೇಲೆ ಬಿತ್ತು. ಜಾಕಿನ ತಲೆ ಕಾರಿನ ಹೊಟ್ಟೆಯೊಳಗೆ ಹೊಕ್ಕಿತ್ತು. ಆ ತೂತಿನಿಂದ ಹಸಿರು ಬಟ್ಟೆಯ ಚೂರೊಂದು ನೇತಾಡುತ್ತಿತ್ತು.

ಈ ಕಾರು ನಮ್ಮ ಮನೆಗೆ ಹೇಗೆ ಬಂತು ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಚೂರು ಬಟ್ಟೆ ನನ್ನ ಎದೆಗೆ ಯಾಕೆ ಗುದ್ದಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಪೆಟ್ರೋಲ್ ಬಂಕಿನ ಹಿಂದೆ ಟಾರ್ಪಾಲಿನ ಕೆಳಗೆ ಕೊಳೆಯುತ್ತಿದ್ದ ಈ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ನಾನು ಬಸ್ ಡಿಪೋದಲ್ಲಿ ಇಂಜಿನ್ ಕೆಲಸದವನು. ತಗಡಿನ ಕೆಲಸ ನನಗೆ ಬಾರದು. ಅದಕ್ಕೆ ಅಕ್ಕನ ಗಂಡ ಇದ್ದರು. ಗುದ್ದಿಸಿಕೊಂಡ ಗಾಡಿಗಳ ಡೊಂಕು ತೆಗೆದು ಬಣ್ಣ ಹೊಡೆಯುವ ಟಿಂಕರಿಂಗ್ ಅಂಗಡಿ ಅವರದು. ಮೊದಲ ಭಾನುವಾರವೇ ಇಬ್ಬರಿಗೂ ಜೋರು ಜಗಳವಾಯಿತು. ಅಕ್ಕ ನಡುವೆ ಬಂದು ಕರಾರು ಮಾಡಿಸಿದಳು: ಬಾನೆಟ್ ಒಳಗೆ ನಾನು, ಹೊರಗೆ ಭಾವ. ನನ್ನ ಇಂಜಿನ್ನಿಗೆ ಅವರು ಮೂಗು ತೂರಿಸಬಾರದು, ಅವರ ತಗಡಿಗೆ ನಾನು ಕೈ ಹಾಕಬಾರದು. ಇಬ್ಬರೂ ಆ ಕರಾರನ್ನು ಕಣ್ಣಿಗೆ ಒತ್ತಿಕೊಂಡು ಪಾಲಿಸಿದೆವು. ಭಾವ ಆಗಾಗ ಒಂದೇ ಮಾತು ಎಚ್ಚರಿಸುತ್ತಿದ್ದರು: "ಜಾಕ್ ಹಾಕಿದ್ರೆ ಮುಂದೆ, ಇಂಜಿನ್ ಕೆಳಗೆ ಹಾಕು. ಬಾಗಿಲ ಕೆಳಗೆ ಮಾತ್ರ ಹಾಕ್ಬೇಡ, ಪೇಂಟ್ ಕಿತ್ತುಹೋಗುತ್ತೆ." ಪೇಂಟ್ ಅವರದು, ಮಾತೂ ಅವರದೇ. ನಾನು ಹಾಗೇ ನಡೆದುಕೊಂಡೆ.

ಹೆಂಡತಿ ಕಾರಿಗೆ ಸವತಿ ಎಂದು ಹೆಸರಿಟ್ಟಿದ್ದಳು. ಭಾನುವಾರ ಶೆಡ್ಡಿನ ಬಾಗಿಲಿಗೆ ಬಂದು, "ನನ್ನ ಸವತಿಗೆ ಸ್ನಾನ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದಳು.

ಈ ವರ್ಷ ಮಗಳು ದನದ ಡಾಕ್ಟರಾದಳು. ಕೆಲಸ ಸಿಕ್ಕಿದ್ದು ಗುಡ್ಡದ ಆಚೆ. ಬೆಳಗಿನ ಹೊತ್ತು ಆ ಕಡೆ ಬಸ್ಸಿಲ್ಲ. ಬೇರೆ ಗಾಡಿ ಯಾಕೆ, ಇದರಲ್ಲೇ ಹೋಗಿಬರಲಿ ಎಂದೆ. ಹೆಂಡತಿ ಸೌಟು ಕೆಳಗಿಟ್ಟಳು.

"ಅದು ಹುಡುಗಿ ಜೀವ, ನಿಮ್ಮ ಹಟ ಅಲ್ಲ. ಅವಳು ಕೆಲಸಕ್ಕೆ ಸೇರೋ ಹೊತ್ತಿಗೆ ಗಾಡಿ ಗುಡ್ಡ ಹತ್ತೋ ಹಾಗಿದ್ರೆ ಇರ್ಲಿ. ಇಲ್ದಿದ್ರೆ ಗುಜರಿಯವನನ್ನ ಕರೀತೀನಿ."

"ಕರಿ. ಅವನಿಗೂ ಒಂದು ರೌಂಡ್ ಹೊಡೆಸ್ತೀನಿ," ಎಂದೆ.

ಹೋದ ಭಾನುವಾರ ಇಂಜಿನ್ ಸ್ಟಾರ್ಟ್ ಆಯಿತು. ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುರು ಅನ್ನತೊಡಗಿತು. ಭಾವ ಅಲ್ಲೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತು. ಖುಷಿಗೆ ಇರಬೇಕು ಎಂದುಕೊಂಡೆ. "ಓಡ್ತಲ್ಲ," ಎಂದಷ್ಟೇ ಹೇಳಿ, ಕಾಫಿ ಅರ್ಧಕ್ಕೇ ಬಿಟ್ಟು ಹೊರಟುಹೋದರು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಕೇಳಿದರೆ ಬೆನ್ನುನೋವು. ಅವತ್ತು ಸಂಜೆ ನಾನು ಹೆಂಡತಿಯನ್ನು ಕೂರಿಸಿಕೊಂಡು ಸೇತುವೆಯ ಆಚೆಗೂ ಹೋಗಿ ಬಂದೆ. ಸವತಿ ಪರವಾಗಿಲ್ಲ ಎಂದಳು.

ನಾಳೆ ಮಗಳು ಕೆಲಸಕ್ಕೆ ಸೇರಬೇಕು. ಗುಡ್ಡದಲ್ಲಿ ಟೈರ್ ಪಂಕ್ಚರಾದರೆ ಯಾರೂ ಸಿಗುವುದಿಲ್ಲ, ಚಕ್ರ ಬದಲಾಯಿಸಲು ಕಲಿ ಎಂದು ನಾನೇ ಕೂರಿಸಿದ್ದೆ. ಭಾವನ ಮಾತು ಅವಳಿಗೆ ಗೊತ್ತಿರಲಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ತೋರಿಸಿಕೊಟ್ಟಂತೆ ಬಾಗಿಲ ಕೆಳಗೆ ಜಾಕ್ ಇಟ್ಟಳು.

ಆ ಹಸಿರು ಬಟ್ಟೆಯನ್ನು ಹಿಡಿದು ಎಳೆದೆ. ಬಂತು, ಬರುತ್ತಲೇ ಇತ್ತು, ಜೊತೆಗೆ ಹತ್ತಿಯೂ ಬಂತು. ಅಕ್ಕನ ಮನೆಯ ಸೋಫಾದ ದಿಂಬು. ಅದಕ್ಕೆ ಒರಗಿಕೊಂಡು ನಾನು ಎಷ್ಟೋ ಸಲ ತೂಕಡಿಸಿದ್ದೇನೆ.

ಸ್ಕ್ರೂಡ್ರೈವರ್ ತಂದು ಪಟ್ಟಿಯ ಉದ್ದಕ್ಕೂ ಚುಚ್ಚಿದೆ. ಎಲ್ಲಿ ಚುಚ್ಚಿದರೂ ಹಿಡಿಯವರೆಗೆ ಒಳಗೆ ಹೋಯಿತು. ತಗಡು ಅನ್ನುವುದೇ ಇರಲಿಲ್ಲ. ತೂತು ಮುಚ್ಚಲು ಮೆತ್ತುವ ಪುಟ್ಟಿ, ಸೊಳ್ಳೆಪರದೆಯ ಜಾಲರಿ, ದಿಂಬು, ಮೇಲೆ ಬಣ್ಣ. ಬಾಗಿಲು ತೆಗೆದು ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದೆ. ಕಪ್ಪು ಬಣ್ಣ ಬಳಿದ ಪ್ಲೈವುಡ್. ಅದರ ಅಂಚನ್ನು ಮೀಟಿದೆ. ಕೆಳಗೆ ಎಲೆಯಂತೆ ತೆಳ್ಳಗಾದ ತುಕ್ಕು, ಅದರ ತೂತುಗಳಲ್ಲಿ ಶೆಡ್ಡಿನ ನೆಲ ಕಾಣಿಸಿತು. ಅಲ್ಲೊಂದು ಇರುವೆ ಹೋಗುತ್ತಿತ್ತು.

ಹೆಂಡತಿ ಯಾವಾಗ ಬಂದಳೋ ಗೊತ್ತಿಲ್ಲ. ಬಯ್ಯುತ್ತಾಳೆ ಎಂದು ಕಾದೆ. ಅವಳು ಮೆಟ್ಟಿಲ ಮೇಲೆ ಕೂತಳು.

"ಸೇತುವೆ ಮೇಲೆ ಹೋದ್ವಲ್ಲ ರೀ," ಎಂದಳು. "ನಾನು ಕಿಟಕೀಲಿ ಹೊಳೆ ನೋಡ್ತಾ ಕೂತಿದ್ದೆ."

ನಾನು ಫೋನ್ ಮಾಡಿ ಒಂದೇ ಮಾತು ಹೇಳಿದೆ: "ದಿಂಬು ಸಿಕ್ತು, ಬನ್ನಿ." ಅಕ್ಕ, ಭಾವ ಇಬ್ಬರೂ ಸ್ಕೂಟರಿನಲ್ಲಿ ಬಂದರು. ಭಾವ ಹೆಲ್ಮೆಟ್ ತೆಗೆಯಲಿಲ್ಲ.

"ಇದೇನು ಭಾವ?"

"ಪುಟ್ಟಿ."

"ಪುಟ್ಟಿ ಅಂತ ನನಗೂ ಕಾಣುತ್ತೆ. ತಗಡು ಎಲ್ಲಿ?"

"ತಗಡು ಇತ್ತಾದ್ರೂ ಎಲ್ಲಿ? ನೀನು ಎಳ್ಕೊಂಡು ಬಂದ ದಿನಾನೇ ತುಕ್ಕು ತಿಂದು ಕೈ ತೊಳ್ಕೊಂಡಿತ್ತು. ಗುಜರಿಗೆ ಹಾಕು ಅಂದೆ. ನೀನು ಸುತ್ತಿಗೆ ಎಸೆದೆ."

"ನಿಮ್ಮ ಮೇಲೆ ಎಸೀಲಿಲ್ಲ. ಗೋಡೆಗೆ ಎಸೆದೆ."

"ಗೋಡೆ ನನ್ನ ಹಿಂದೇನೇ ಇತ್ತು ಮಾರಾಯ."

ಮಗಳಿಗೆ ನಗು ಬಂತು. ಬಂದದ್ದು ಅಲ್ಲೇ ನಿಂತಿತು.

"ಗಾಡಿಗೆ ನೆಲ ಹೊಸದು ಹಾಕಿದೀನಿ ಅಂದ್ರಲ್ಲ," ಎಂದೆ.

"ಹೊಸದೇ. ಪ್ಲೈವುಡ್ ಅಂಗಡಿಯಿಂದ ಆರಿಸಿ ತಂದಿದ್ದು." ಭಾವ ಈಗ ಹೆಲ್ಮೆಟ್ ತೆಗೆದರು. ತಲೆ ಬೆವತಿತ್ತು. "ನೋಡು, ಇದು ಓಡುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಆ ಇಂಜಿನ್ ಹೆಣ. ನಿನ್ನ ಕೈಲಿ ಯಾವ ಜನ್ಮಕ್ಕೂ ಏಳಲ್ಲ ಅಂತಿದ್ದೆ. ಶೆಡ್ಡಲ್ಲಿ ನಿಲ್ಲೋ ಗಾಡಿ, ನೋಡೋಕೆ ಚೆಂದ ಇದ್ರೆ ಸಾಕು, ನೀನೂ ಸಮಾಧಾನವಾಗಿರ್ತೀಯ ಅಂತ ಬಣ್ಣ ಹೊಡ್ಕೊಂಡು ಹೋದೆ."

ಬೈಯಲು ಬಾಯಿ ತೆರೆದೆ. ನಾನು ಇಷ್ಟು ವರ್ಷ ಆ ಇಂಜಿನ್ ಬಿಡದೆ ಹಿಡಿದದ್ದು ಯಾಕೆ? ಬಾಡಿ ಕಲ್ಲಿನಂತಿದೆ, ಇಂಜಿನ್ ಒಂದು ಎದ್ದರೆ ಸಾಕು ಎಂದು. ಇವರು ಬಾಡಿಗೆ ದಿಂಬು ತುರುಕಿದ್ದು ಇಂಜಿನ್ ಏಳುವುದಿಲ್ಲ ಎಂದು.

"ಸ್ಟಾರ್ಟ್ ಆದ ದಿನವಾದ್ರೂ ಬಾಯಿ ಬಿಡ್ಬಾರ್ದಿತ್ತಾ?"

ಉತ್ತರ ಅಕ್ಕನಿಂದ ಬಂತು. "ಹೇಳಿ ಹೇಳಿ ಅಂತ ವಾರವೆಲ್ಲ ತಲೆ ಚಚ್ಕೊಂಡೆ ಕಣೋ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಕಳೆದ್ರು ಇವ್ರು."

"ನಿನಗೂ ಗೊತ್ತಿತ್ತಾ ಅಕ್ಕ?"

"ದಿಂಬು ಯಾರ ಮನೇದು?" ಎಂದಳು, ನೆಲ ನೋಡುತ್ತ.

"ಇವತ್ತು ಸಂಜೆ ಬಂದು ಹೇಳೋನಿದ್ದೆ. ದೇವರಾಣೆಗೂ," ಎಂದರು ಭಾವ. "ಅವಳು ಹೋಗೋದು ನಾಳೆ ತಾನೆ?"

"ಇಲ್ಲ ಮಾವ," ಎಂದಳು ಮಗಳು. ಅವಳ ಕೈಯಲ್ಲಿ ಜಾಕಿನ ಹಿಡಿ ಇನ್ನೂ ಇತ್ತು. "ಚಕ್ರ ಹಾಕೋದು ಕಲಿತ ಮೇಲೆ ಈಗಲೇ ಒಂದ್ಸಲ ಗುಡ್ಡ ಹತ್ತಿ ಇಳಿಯೋಣ ಅಂತಿದ್ದೆ. ಒಬ್ಬಳೇ."

ಭಾವನ ಹೆಲ್ಮೆಟ್ ಕೈಜಾರಿ ಬಿದ್ದು ಕಾರಿನ ಕೆಳಗೆ ಉರುಳಿತು. ಎತ್ತಿಕೊಳ್ಳಲು ಬಗ್ಗುವ ಧೈರ್ಯ ಯಾರಿಗೂ ಇರಲಿಲ್ಲ.

ಭಾವ ಒಡೆದ ಪಟ್ಟಿಯ ಅಂಚನ್ನು ಬೆರಳಲ್ಲಿ ತಟ್ಟಿ ನೋಡಿದರು. "ಎಲ್ಲ ಕತ್ತರಿಸಿ ತೆಗೆದು, ನಿಜವಾದ ತಗಡು ಹಾಕಿ ಬೆಸೆದು ಕೊಡ್ತೀನಿ. ಇನ್ನೊಂದು ವರ್ಷ ಬೇಕು. ಇಂಜಿನ್ ಚೆನ್ನಾಗಿದೆಯಲ್ಲ."

ಸುಳ್ಳು ಯಾಕೆ, ನನ್ನ ಬಾಯಲ್ಲಿ ಹೂಂ ಅನ್ನುವುದು ಬಂದು ನಿಂತಿತ್ತು. ಆ ಗುರುಗುರು ಇನ್ನೂ ಕಿವಿಯಲ್ಲಿತ್ತು. ಹೆಂಡತಿಯ ಕಡೆ ನೋಡಿದೆ. ಅವಳು ಕಾರನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಮಗಳ ಪಾದದ ಮೇಲೆ ಬಿದ್ದಿದ್ದ ಪುಟ್ಟಿಯ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಗುಜರಿಯವನನ್ನ ಕರಿ," ಎಂದೆ.

ಇಷ್ಟು ವರ್ಷ ಅದೇ ಮಾತಿಗೆ ಕಾದಿದ್ದವಳು ಗೆದ್ದವಳಂತೆ ಮುಖ ಮಾಡಲಿಲ್ಲ. "ನೀವೇ ಕರೀರಿ," ಎಂದಳು.

ಗುಜರಿಯವನು ಮಧ್ಯಾಹ್ನ ಕ್ರೇನ್ ಇದ್ದ ಲಾರಿ ತಂದ. ಕಾರನ್ನು ನಾವೆಲ್ಲ ಅಂಗಳಕ್ಕೆ ತಳ್ಳಿ ತಂದಿದ್ದೆವು. ಅವನು ಒಂದು ಸುತ್ತು ಹಾಕಿ ಬಾನೆಟ್ ಸವರಿದ. "ಅಣ್ಣಾ, ಮದುಮಗಳ ಹಾಗಿದೆ ಗಾಡಿ. ಇದನ್ನ ಹಾಕೋಕೆ ಮನಸ್ಸಾದ್ರೂ ಹೇಗೆ ಬಂತು?"

"ಎತ್ತಯ್ಯ ಸುಮ್ನೆ," ಎಂದೆ.

ಮುಂದೆ ಒಂದು, ಹಿಂದೆ ಒಂದು ಸರಪಳಿ ಬಿಗಿದ. ಕ್ರೇನ್ ಗುಟುರು ಹಾಕಿತು. ಮೂತಿ ಎದ್ದಿತು, ಬಾಲ ಎದ್ದಿತು, ಚಕ್ರಗಳು ನೆಲ ಬಿಟ್ಟವು. ಬಟ್ಟೆ ಹರಿದಂಥ ಸದ್ದೊಂದು ಬಂತು, ಉದ್ದಕ್ಕೆ. ಕಾರು ಮೇಲೆ ಹೋಯಿತು. ಡ್ರೈವರ್ ಸೀಟು ಹೋಗಲಿಲ್ಲ.

ಕಾರಿನ ಹೊಟ್ಟೆ ಬಿರಿದು, ಪ್ಲೈವುಡ್ಡಿನ ಸಮೇತ ಧೊಪ್ಪೆಂದು ಅಂಗಳದಲ್ಲಿ ಬಿತ್ತು ಅದು. ಮಗುಚಲಿಲ್ಲ, ವಾಲಲಿಲ್ಲ. ರಸ್ತೆಯ ಕಡೆ ಮುಖ ಮಾಡಿ ನೆಟ್ಟಗೆ ಕೂತಿತು. ಸೀಟಿನ ಮೇಲೆ, ಸ್ಟೇರಿಂಗಿನಾಚೆ ಮಗಳಿಗೆ ಚೆನ್ನಾಗಿ ಕಾಣಲಿ ಎಂದು ಹೆಂಡತಿ ಹೊಲಿದಿಟ್ಟಿದ್ದ ಪುಟ್ಟ ಮೆತ್ತೆ, ಇಟ್ಟ ಜಾಗದಿಂದ ಕದಲದೆ ಇತ್ತು.

ಗುಜರಿಯವನು ಕ್ರೇನ್ ನಿಲ್ಲಿಸಿ ಇಳಿದ. ಮಗಳು ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ನನ್ನ ಬೆನ್ನ ಹಿಂದೆ ಬಂದು ಅಂಗಿ ಹಿಡಿದು ನಿಂತಳು.

"ಕೂತ್ಕೊಳ್ಳಿ ಭಾವ," ಎಂದೆ, ಸೀಟು ತೋರಿಸಿ.

ಭಾವ ಕೂರಲಿಲ್ಲ. ಹತ್ತಿರ ಹೋಗಿ, ಆ ಮೆತ್ತೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಹೆಂಡತಿಗೆ ಕೊಟ್ಟರು.