ಮಾರ್ನಿಂಗ್ ಶೋಗೆ ಬಿದ್ದ ಫ್ರೆಂಚ್ ರೀಲು

ನಾನು ಒಂದು ಸಿನಿಮಾ ಪ್ರಿಂಟು. ಹತ್ತು ರೀಲು, ಕಪ್ಪು-ಬಿಳುಪು. ಹುಟ್ಟಿದ್ದು ಪ್ಯಾರಿಸ್ಸಿನ ಒಂದು ಲ್ಯಾಬಿನಲ್ಲಿ, ಔಷಧಿ ನೀರಿನ ತೊಟ್ಟಿಯೊಳಗೆ. ನನ್ನನ್ನು ಎತ್ತಿ ಒಣಗಿಸಿದವಳು ಒಬ್ಬ ವಯಸ್ಸಾದ ಹೆಂಗಸು. ಕೊನೆಯ ರೀಲನ್ನು ಬೆಳಕಿಗೆ ಹಿಡಿದು ನೋಡಿ ಅವಳು ಮೂಗು ಒರೆಸಿಕೊಂಡಳು. ನನಗೆ ಸಿಕ್ಕ ಮರ್ಯಾದೆಯ ಲೆಕ್ಕ ಅಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು.

ನನ್ನೊಳಗಿದ್ದದ್ದು ಎತಿಯೆನ್ ಎಂಬ ಮುದಿ ಡೈರೆಕ್ಟರನ ಕಥೆ. ಜೀವಮಾನವೆಲ್ಲ ದೊಡ್ಡವರ ಚಿತ್ರ, ಅಂದರೆ ಬಾಗಿಲು ಹಾಕಿಕೊಂಡು ನೋಡುವ ಚಿತ್ರ, ತೆಗೆದವನು. ವಯಸ್ಸಿದ್ದಾಗ ಇದರಿಂದಲೇ ಲೋಕದ ಮುಚ್ಚುಮರೆ ಕಿತ್ತು ಹಾಕುತ್ತೇನೆ ಅಂದುಕೊಂಡಿದ್ದ. ಈಗ ಸೆಟ್ಟಿಗೆ ಬಂದ ಹುಡುಗಿಯ ಮುಖ ನೋಡುವುದಕ್ಕೂ ಅವನಿಗೆ ಆಗುವುದಿಲ್ಲ. ಕೊನೆಗೆ ಒಂದು ದಿನ ಎಲ್ಲರನ್ನೂ ಮನೆಗೆ ಕಳಿಸಿ, ಕ್ಯಾಮೆರಾವನ್ನು ತನ್ನ ಕಡೆಗೇ ತಿರುಗಿಸಿಕೊಂಡು ಕೂರುತ್ತಾನೆ. ಏಳು ನಿಮಿಷ. ಮಾತಿಲ್ಲ, ಸಂಗೀತವಿಲ್ಲ, ಬರೀ ಮುಖ. ಆ ಏಳು ನಿಮಿಷಕ್ಕಾಗಿಯೇ ನನ್ನನ್ನು ಹುಟ್ಟಿಸಿದ್ದು. ಬಟ್ಟೆ ಕಳಚುವ ಒಂದೇ ಒಂದು ದೃಶ್ಯ ನನ್ನಲ್ಲಿರಲಿಲ್ಲ.

ಚಿತ್ರೋತ್ಸವಕ್ಕೆ ಎಂದು ಬೆಂಗಳೂರಿಗೆ ಬಂದೆ. ಹದಿನೇಳು ಜನ ನೋಡಿದರು. ನಾಲ್ಕು ಜನ ನಿದ್ದೆ ಹೊಡೆದರು, ಎದ್ದ ಮೇಲೆ ಅವರೇ ಜೋರಾಗಿ ಚಪ್ಪಾಳೆ ತಟ್ಟಿದರು. ವಾಪಸ್ ಹೋಗುವಾಗ ಪಾರ್ಸೆಲ್ ಗೋದಾಮಿನಲ್ಲಿ ನನ್ನ ಚೀಟಿ ಹರಿದುಹೋಯಿತು. ಎರಡು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ವಾರಸುದಾರರಿಲ್ಲದ ಸಾಮಾನಿನ ಹರಾಜಿನಲ್ಲಿ ಒಡೆದ ಸೈಕಲ್ಲು, ತುಕ್ಕು ಟ್ರಂಕಿನ ಜೊತೆ ನನ್ನನ್ನೂ ಕೂಗಿದರು. ಡಬ್ಬಿಯ ಮೇಲೆ 'ಪ್ಯಾರಿಸ್' ಎಂದು ಓದಿ ಒಬ್ಬ ಕೈ ಎತ್ತಿದ. ಅವನೇ ಶಿವನಂಜಪ್ಪ, ತಿಪಟೂರು ಕಡೆಯ ಒಂದು ಊರಿನ ಗಿರಿಜಾ ಟಾಕೀಸಿನ ಮಾಲೀಕ.

ಊರಿಗೆ ಒಯ್ದು ಹಾಕಿ ನೋಡಿದ. ಅರ್ಧಕ್ಕೇ ಎದ್ದು ನಿಂತ.

"ಥೂ, ಏನ್ ಸಾಬ್ರೇ ಇದು? ಪ್ಯಾರಿಸ್ಸು ಅಂತ ತಂದ್ರೆ ಮುದುಕನ ತಿಥಿ ಇದ್ದಂಗೈತೆ! ಕಲರ್ರೂ ಇಲ್ಲ!"

ಸಾಬರು ಎಂದರೆ ಆಪರೇಟರ್ ದಸ್ತಗೀರ್ ಸಾಬರು. ಮೂವತ್ತು ವರ್ಷದಿಂದ ಅದೇ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿದ್ದವರು. "ಕೊನೇಲಿ ಆ ಮುಖ ಚೆನ್ನಾಗೈತೆ ಧಣಿ," ಎಂದರು.

"ಮುಖ ನೋಡಕ್ಕೆ ಯಾವನ್ ಬತ್ತಾನೆ? ಕತ್ತರಿಸಿ ಬಿಸಾಕಿ. ಅಲ್ಲಿಗೆ ನಮ್ಮ ಬಿಟ್ಟು ಸೇರಿಸಿ."

ಬಿಟ್ಟು ಅಂದರೇನು ಅಂತ ಮಾರ್ನಿಂಗ್ ಶೋ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡಿಲ್ಲ ಎನ್ನುವವರಿಗೂ ಗೊತ್ತು. ಯಾವುದೋ ಇಂಗ್ಲಿಷ್ ಚಿತ್ರದ ನಡುವೆ ಬೇರೆಲ್ಲೋ ತೆಗೆದ, ಬಟ್ಟೆ ಕಳಚುವ ಒಂದು ನಿಮಿಷದ ತುಂಡು ಅಂಟಿಸುತ್ತಾರೆ. ಮಧ್ಯಾಹ್ನ ಮನೆಮಂದಿ ಬರುವ ಹೊತ್ತಿಗೆ ಅದನ್ನು ಬಿಚ್ಚಿ ಬಚ್ಚಿಡುತ್ತಾರೆ. ನನ್ನ ಏಳು ನಿಮಿಷವನ್ನು ಕತ್ತರಿಸಿದರು. ಗಾಯಕ್ಕೆ ಅಂಟು ಬಳಿದು ಬಣ್ಣದ ತುಂಡೊಂದನ್ನು ಹೊಲಿದ ಹಾಗೆ ಕೂರಿಸಿದರು. ಗೋಡೆಗಳ ಮೇಲೆ ನನಗೆ 'ಮುದುಕನ ಮೋಜು' ಎಂಬ ಹೆಸರು ಬಂತು. ಅವತ್ತಿನಿಂದ ನನಗೆ ಶಿವನಂಜಪ್ಪನ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು. ಹಲ್ಲಿಲ್ಲ, ಅಂಚಿನ ತೂತುಗಳಿವೆ, ಅಷ್ಟೇ.

ಜನ ತಲೆಗೆ ಟವೆಲ್ಲು ಸುತ್ತಿಕೊಂಡು ಬಂದರು. ಎತಿಯೆನ್ ಬಾಯಿ ತೆರೆದರೆ ಸಾಕು, "ಏಯ್ ತಾತ, ಎದ್ದೋಗೋ! ಬಿಟ್ ಹಾಕ್ರಲೋ!" ಎಂದು ಕುರ್ಚಿ ಕುಟ್ಟುತ್ತಿದ್ದರು. ಬಣ್ಣ ಬಂದೊಡನೆ ಗಪ್‌ಚುಪ್ಪು. ಒಂದು ಕೋಣೆ, ಹಸಿರು ಬೀರು, ಕುರ್ಚಿಯ ಮೇಲೆ ಹಳದಿ ಸೀರೆ. ಆಮೇಲೆ ಬೆನ್ನು ತಿರುಗಿಸಿ ಬಟ್ಟೆ ಬದಲಿಸುವ ಒಬ್ಬಳು ಹುಡುಗಿ. ಅವಳಿಗೆ ಕ್ಯಾಮೆರಾ ಓಡುತ್ತಿದೆ ಎಂಬುದೇ ಗೊತ್ತಿಲ್ಲ. ಅವಳ ತುಂಡಿಗೆ ಅಂಟಿಕೊಂಡೇ ಇದ್ದ ನನಗೆ ಅದು ಗೊತ್ತಾಗುತ್ತಿತ್ತು. ನೋಡುವವರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಶಿಳ್ಳೆ ಹೊಡೆಯುತ್ತಿದ್ದರು.

ಆರನೇ ವಾರ, ಒಂದು ಶನಿವಾರ ಮಧ್ಯಾಹ್ನ, ಆ ಹುಡುಗಿಯೇ ಟಾಕೀಸಿಗೆ ಬಂದಳು. ಹುಡುಗಿಯೇನು, ಮೂವತ್ತು ದಾಟಿದ ಹೆಂಗಸು. ರಾಜಮಣಿ ಅಂತ. ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಶಾಲೆಯ ಜವಾನ ಅವಳ ಮುಂದೆ ನಿಂತು "ಹಳದಿ ಸೀರೆ ಉಡಲ್ವಾ ಮೇಡಂ ಈಗ?" ಎಂದು ಹಲ್ಲು ಕಿರಿದಿದ್ದನಂತೆ. ಶಿವನಂಜಪ್ಪ ಕ್ಯಾಬಿನ್ ಬಾಗಿಲಲ್ಲೇ ಇದ್ದ.

"ಸಿನಿಮಾದಲ್ಲಿ ಡ್ಯಾನ್ಸಿಗೆ ಡ್ರೆಸ್ಸು ನೋಡ್ಬೇಕು, ಕ್ಯಾಮೆರಾ ಆಫ್ ಆಗಿದೆ ಅಂದ್ರಿ," ಎಂದಳು. "ಎಂಟು ವರ್ಷ ಆಯ್ತು. ನಾನ್ ಆ ಕಡೆ ತಲೆ ಹಾಕಿಲ್ಲ. ಆ ತುಂಡು ಕೊಟ್ಬಿಡಿ."

"ನಿಂದೇನಮ್ಮ ಅದು? ತೆಗೆದೋನು ನಾನು."

"ಒಳಗಿರೋಳು ನಾನು."

ಅವನು ನಕ್ಕ. "ನಾಳಿದ್ದು ಸೋಮವಾರ ನಿಮ್ಮ ಸ್ಕೂಲ್ ಕಮಿಟಿಗೆ ಪ್ರೆಸಿಡೆಂಟ್ ಆಗ್ತಾ ಇದೀನಿ, ಗೊತ್ತೇನು? ಹೆಣ್ಮಕ್ಕಳು ಓದೋ ಜಾಗ. ಮೊದಲ್ನೇ ಆರ್ಡರ್ರು ನಿಂದೇ. ಮಿಷನ್ನು ಕತ್ತರಿ ಎಲ್ಲಾ ಕಟ್ಕೊಂಡು ರೆಡಿಯಾಗಿರು."

ಮೆಟ್ಟಿಲಿಳಿದು ಹೊರಟುಹೋದ. ರಾಜಮಣಿ ಅಳಲಿಲ್ಲ. ಕ್ಯಾಬಿನ್ನಿನ ಒಳಗೆ ಬಂದಳು. ಕೆಲಸ ಹೋದರೆ ಬೇರೆ ಯಾವ ಊರಿಗೆ ಹೋದರೂ ಆ ತುಂಡು ಅವಳ ಹಿಂದೆ ಬರುತ್ತಿತ್ತು.

ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ದಸ್ತಗೀರ್ ಸಾಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಎಳೆದರು. ಆಪರೇಟರುಗಳದ್ದು ಒಂದು ಅಭ್ಯಾಸ. ಯಾರು ಬಿಸಾಕು ಎಂದರೂ ಕತ್ತರಿಸಿದ್ದನ್ನು ಬಿಸಾಕುವುದಿಲ್ಲ, ನಾಳೆ ಎಲ್ಲಿ ಹರಿದರೂ ಜೋಡಿಸಲು ಬೇಕಾಗುತ್ತದೆ. ಶಿವನಂಜಪ್ಪ ಮೂವತ್ತು ವರ್ಷ ಟಾಕೀಸು ನಡೆಸಿದ್ದ. ಕತ್ತರಿಸಿ ಎಂದು ಹೇಳುವುದು ಗೊತ್ತಿತ್ತು, ಕತ್ತರಿಸಿದ್ದು ಎಲ್ಲಿ ಹೋಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನಿನ್ನ ತುಂಡಿಗೆ ಒಂದು ಬಾಲ ಇತ್ತು ತಾಯಿ," ಎಂದು ಸಾಬರು ಹನ್ನೆರಡು ಅಡಿ ಫಿಲ್ಮನ್ನು ಬಲ್ಬಿಗೆ ಹಿಡಿದರು. "ಲ್ಯಾಬಿಂದ ಬಂದ ದಿನಾನೇ ಕತ್ತರಿಸು ಅಂದ್ರು ಧಣಿ. ನೋಡು."

ಅವಳು ನೋಡಿದಳು. ಹುಡುಗಿ ಹೋದ ಮೇಲಿನ ಖಾಲಿ ಕೋಣೆ, ಹಸಿರು ಬೀರುವಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಬಾಗಿಲ ಒಳಬದಿಗೆ ಕನ್ನಡಿ. ಕನ್ನಡಿಯಲ್ಲಿ ಕ್ಯಾಮೆರಾ, ಕ್ಯಾಮೆರಾದ ಹಿಂದಿನಿಂದ ಮೇಲೇಳುವ ಶಿವನಂಜಪ್ಪನ ಮುಖ. ತುಟಿ ಒರೆಸಿಕೊಂಡು ನಗುತ್ತಾನೆ. ಎಂಟು ಸೆಕೆಂಡು.

"ಇದನ್ನ ಸೇರಿಸಿದ್ರೆ ನಿನ್ನನ್ನೂ ಇನ್ನೊಂದ್ಸಲ ನೋಡ್ತಾರೆ," ಎಂದರು ಸಾಬರು.

"ನನ್ನನ್ನ ತೆಗೀರಿ," ಎಂದಳು ರಾಜಮಣಿ. "ಅವನನ್ನ ಹಾಕಿ."

"ನನ್ನ ಕೆಲಸ ಹೋಗುತ್ತೆ."

"ಹೌದು ಸಾಬ್ರೇ, ಹೋಗುತ್ತೆ."

ಸಾಬರು ನನ್ನ ರೀಲನ್ನು ಮೇಜಿಗೆ ಎಳೆದುಕೊಂಡರು. "ಆರು ವಾರ ನಾನೇ ಅಂಟಿಸಿದೀನಲ್ಲ," ಎಂದು ಬ್ಲೇಡು ತೆಗೆದುಕೊಂಡರು. ಅವಳಿದ್ದ ಅಷ್ಟೂ ಫಿಲ್ಮನ್ನು ಬಿಡಿಸಿ ಕೈಗಿತ್ತರು. ಅವಳು ಚೀಲದಿಂದ ಹೊಲಿಗೆ ಕತ್ತರಿ ತೆಗೆದು, ಅಲ್ಲೇ ನೆಲದ ಮೇಲೆ ಕುಳಿತು, ಒಂದೊಂದು ಚಿತ್ರವನ್ನೂ ನಾಲ್ಕು ನಾಲ್ಕು ಚೂರು ಮಾಡಿದಳು. ನನಗೆ ಒಳ್ಳೆಯ ಬುದ್ಧಿ ಇದ್ದಿದ್ದರೆ ಅವಳ ಕೈ ನೋಡಿ ಕನಿಕರ ಬರಬೇಕಿತ್ತು. ಬರಲಿಲ್ಲ. ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹೌಸ್‌ಫುಲ್. ಟವೆಲ್ಲುಗಳ ಕೆಳಗೆ ಶಾಲೆಯ ಕಮಿಟಿಯವರೂ ಕೆಲವರಿದ್ದರು. ಅವರವರ ಕೆಮ್ಮು ಸಾಬರಿಗೆ ಗೊತ್ತಿತ್ತು. ಬಣ್ಣ ಬಂತು. ಕೋಣೆ, ಬೀರು, ಹಳದಿ ಸೀರೆ. ಬೆರಳುಗಳು ಬಾಯಿಗೆ ಹೋದವು. ಬೀರುವಿನ ಬಾಗಿಲು ತೆರೆಯಿತು.

ಪರದೆಯಷ್ಟು ದೊಡ್ಡ ಶಿವನಂಜಪ್ಪ ತುಟಿ ಒರೆಸಿಕೊಂಡ.

ಹೊಡೆಯಲು ಹೊರಟ ಶಿಳ್ಳೆಗಳು ಬಾಯಲ್ಲೇ ಗಾಳಿಯಾದವು. "ಅಯ್ಯಯ್ಯೋ, ಧಣಿ ಕಣ್ರೋ!" ಎಂದು ಮುಂದಿನ ಗಾಂಧಿ ಕ್ಲಾಸಿನಿಂದ ಒಬ್ಬ ಕಿರುಚಿದ. "ಇವ್ನೇನ್ಲಾ ಬಿಟ್ಟಲ್ಲಿ!" ಎಂದು ಇನ್ನೊಬ್ಬ. ಬಿದ್ದು ಬಿದ್ದು ನಕ್ಕರು. ನಗುತ್ತಿದ್ದ ಹಾಗೇ ಕಪ್ಪು-ಬಿಳುಪಿನಲ್ಲಿ ಎತಿಯೆನ್ ಬಂದು ಕುಳಿತ. ಸಾಬರು ಡಬ್ಬಿಯಿಂದ ನನ್ನ ಏಳು ನಿಮಿಷವನ್ನೂ ತೆಗೆದು ಅಂಟಿಸಿದ್ದರು. ಅವನು ಅವರನ್ನೇ ನೋಡಿದ. ನಗು ಒಂದೊಂದು ಸಾಲಾಗಿ ನಿಂತಿತು. ಯಾರೂ ಎದ್ದೋಗೋ ಎನ್ನಲಿಲ್ಲ. ಟವೆಲ್ಲು ಎಳೆದುಕೊಂಡು ಕುಳಿತರು. ಅವರ ಮೇಲೂ ನನಗೆ ಸಿಟ್ಟಿತ್ತು, ಹಾಗಾಗಿ ಮೆಲ್ಲಗೇ ಓಡಿದೆ.

ಸೋಮವಾರ ಕಮಿಟಿ ಸೇರಿತು. ಒಬ್ಬರು ಶಿವನಂಜಪ್ಪನ ಹೆಸರು ಸೂಚಿಸಿದರು. ಅನುಮೋದಿಸುವವರು ಯಾರು ಎಂದಾಗ ಎಲ್ಲರೂ ಕೆಮ್ಮಿದರು. ಭಾನುವಾರ ಟಾಕೀಸಿಗೆ ಬಂದಿರದ ಅವನು ಯಾಕೆ ಎಂದು ಮೂರು ಸಲ ಕೇಳಿದನಂತೆ. ಯಾರು ತಾನೇ ಹೇಳಿಯಾರು? ಕಾರಣ ಹೇಳಿದವನು ಮಾರ್ನಿಂಗ್ ಶೋಗೆ ಹೋಗಿದ್ದೆ ಎಂದು ಒಪ್ಪಿಕೊಂಡ ಹಾಗೆ. ಊರಿನಲ್ಲಿ ಯಾರೂ ಆ ಶೋ ನೋಡಿಲ್ಲ, ಎಲ್ಲರಿಗೂ ಅದು ಗೊತ್ತಿದೆ. ಅವನು ಯಾರ ಮೇಲೆ ಹರಿಹಾಯಬೇಕು? ಅಂಗಡಿಗೆ ಹೋದರೆ ಜನ ತುಟಿ ಒರೆಸಿಕೊಳ್ಳುತ್ತಿದ್ದರು. ರಾಜಮಣಿ ಎಂದಿನಂತೆ ಮಕ್ಕಳಿಗೆ ಕಾಜ ಹೊಲಿಯುವುದು ಕಲಿಸಿದಳು.

ಕೊನೆಗೆ ಅವನೇ ನನ್ನನ್ನು ಹಾಕಿಸಿ ನೋಡಿದ, ಸಾಬರ ಕೆಲಸ ಹೋಯಿತು. ಶಿವನಂಜಪ್ಪ ನನ್ನನ್ನು ಮೆಟ್ಟಿಲ ಮೇಲಿಂದ ಒದ್ದ, ಒಂದು ಡಬ್ಬಿ ಬಾಯಿ ಬಿಟ್ಟಿತು. ಆ ಎಂಟು ಸೆಕೆಂಡನ್ನು ಮಾತ್ರ ಕಿತ್ತು ಸುಟ್ಟು, ಉಳಿದದ್ದನ್ನು ಗುಜರಿಗೆ ಹಾಕಿದ.

ಈಗ ಬೆಂಗಳೂರಿನ ಒಂದು ಶೆಡ್ಡಿನಲ್ಲಿದ್ದೇನೆ. ಕಪ್ಪು-ಬಿಳುಪು ಫಿಲ್ಮುಗಳನ್ನು ತೊಟ್ಟಿಗೆ ಹಾಕಿ ಮೈಯಲ್ಲಿರುವ ಬೆಳ್ಳಿ ತೆಗೆಯುವ ಜಾಗ ಇದು. ತೊಳೆದ ಮೇಲೆ ಗಾಜಿನ ಹಾಗೆ ಖಾಲಿಯಾಗುತ್ತೇವೆ. ಪಕ್ಕದಲ್ಲಿ ಒಂದು ಹಳೆಯ ಭಕ್ತಿಚಿತ್ರದ ಪ್ರಿಂಟು ಬಿದ್ದಿದೆ. "ಹೋಗುವ ಹೊತ್ತು, ಎಲ್ಲರನ್ನೂ ಕ್ಷಮಿಸಿಬಿಡಪ್ಪ," ಎನ್ನುತ್ತದೆ. ಅದಕ್ಕೇನು, ಅದರೊಳಗೆ ತಪ್ಪು ಮಾಡಿದವರನ್ನೆಲ್ಲ ದೇವರೇ ಬಂದು ನೋಡಿಕೊಂಡಿದ್ದಾನೆ. ನಮ್ಮ ಕಡೆ ಬಂದದ್ದು ಒಬ್ಬ ಆಪರೇಟರು, ಅದೂ ಆರು ವಾರ ತಡವಾಗಿ.

ನಾನು ಕ್ಷಮಿಸಿಲ್ಲ. ಎತಿಯೆನ್ ತನ್ನ ಮುಖದ ಮುಂದೆ ತಾನೇ ಏಳು ನಿಮಿಷ ಕೂತ. ಶಿವನಂಜಪ್ಪನನ್ನು ನಾವು ಕೂರಿಸಿದ್ದು ಎಂಟೇ ಸೆಕೆಂಡು. ಸಾಲದು.