ಅರ್ಧ ತುಂಬಿದ ರ‍್ಯಾಕು

ಸಾಬೂನು ಕಾರ್ಖಾನೆಯಲ್ಲಿ ಜೊತೆಗಾರರೆಲ್ಲ ಅವಳನ್ನು ಗಡಿಯಾರದಕ್ಕ ಎನ್ನುತ್ತಿದ್ದರು. ಕಾಗದ ಸುತ್ತುವ ಯಂತ್ರ ನಡೆಸುವುದು ಅವಳ ಕೆಲಸ. ಯಂತ್ರ ನಿಂತಾಗ ಉಳಿದವರು ಹರಟೆ ಹೊಡೆದರೆ, ಇವಳು ಗೋಡೆಯ ಗಡಿಯಾರ ನೋಡಿ ಹೊತ್ತು ಬರೆದಿಡುತ್ತಿದ್ದಳು.

ನಿಲ್ಲುವುದಕ್ಕೇನೂ ಬರವಿರಲಿಲ್ಲ. ಅವಳ ಯಂತ್ರದ ಹಿಂದೆ ಸಾಬೂನಿಗೆ ಅಚ್ಚೊತ್ತುವ ಯಂತ್ರ, ನಡುವೆ ಎರಡು ಮಾರು ಉದ್ದದ ಬೆಲ್ಟು. ಎರಡೂ ಹಳೆಯವು, ಎರಡೂ ಮುಂಗೋಪಿಗಳು. ಅಚ್ಚು ಕಚ್ಚಿಕೊಂಡರೆ ಇವಳು ಕೈಕಟ್ಟಿ ಕೂರಬೇಕು. ಇವಳ ಕಾಗದ ಹರಿದರೆ ಅಚ್ಚಿನವರು ಕೂರಬೇಕು. ದಿನಕ್ಕೆ ಹದಿನಾರೂವರೆ ಸಾವಿರ ಸಾಬೂನು ಬೇಕಿದ್ದಲ್ಲಿ ಹದಿನೈದು ಸಾವಿರಕ್ಕೇ ಏದುಸಿರು. ಹೀಗೇ ಆದರೆ ತಿಂಗಳ ಕೊನೆಗೆ ಈ ಎರಡು ಯಂತ್ರಗಳ ಲೈನನ್ನೇ ಮುಚ್ಚುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಅವಳು ತನ್ನ ಪಟ್ಟಿಯನ್ನು ಮೈದುನನಿಗೆ ತೋರಿಸಿದಳು. ಅವನು ಅಲ್ಲೇ ಫಿಟ್ಟರ್.

"ನೋಡಪ್ಪ, ಒಂದು ಸಲ ಕೆಟ್ರೆ ನಿಲ್ಲೋದು ಐದಾರು ನಿಮಿಷ. ಎರಡೂ ಒಟ್ಟಿಗೆ ಕೈಕೊಟ್ಟಿದ್ದು ತಿಂಗಳಲ್ಲಿ ನಾಲ್ಕೇ ಸಲ. ಒಂದರ ತಪ್ಪಿಗೆ ಇನ್ನೊಂದಕ್ಕೆ ಯಾಕೆ ಶಿಕ್ಷೆ? ನಡುವೆ ಒಂದಷ್ಟು ಸಾಬೂನು ಇಟ್ಕೊಂಡ್ರೆ?"

"ಅತ್ತಿಗೆ, ನಡುವೆ ಸರಕು ಬಿದ್ದಿದ್ರೆ ಮ್ಯಾನೇಜರ್ ಕಣ್ಣು ಕೆಂಪಾಗುತ್ತೆ."

"ಆಗ್ಲಿ ಬಿಡು. ಲೈನೇ ಮುಚ್ಚಿದ ಮೇಲೆ ಯಾರ ಕಣ್ಣು ಯಾವ ಬಣ್ಣ ಆದ್ರೇನು?"

ಅವಳು ಹೋಗಿ ಕೇಳಿದಾಗ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಪರೀಕ್ಷೆಗೆ ಎರಡು ದಿನ ಕೊಟ್ಟರು. ಮೂಲೆ ಸೇರಿದ್ದ ಹಳೆಯ ರ‍್ಯಾಕನ್ನು ಮೈದುನ ಉಜ್ಜಿ, ತಟ್ಟೆ ಜೋಡಿಸಿ ಬೆಲ್ಟಿನ ಪಕ್ಕ ನಿಲ್ಲಿಸಿದ. ಆರುನೂರು ಸಾಬೂನಿಗೆ ಜಾಗ.

ಮೊದಲ ದಿನ ಮರ್ಯಾದೆ ಮೂರಾಬಟ್ಟೆಯಾಯಿತು. ಬೆಳಿಗ್ಗೆ ಬಂದೊಡನೆ ಅಚ್ಚು ಕಚ್ಚಿಕೊಂಡಿತು. ರ‍್ಯಾಕು ಖಾಲಿ, ಅವಳೂ ನಿಂತಳು. ಮಧ್ಯಾಹ್ನ ಅವಳ ಕಾಗದ ಮತ್ತೆ ಮತ್ತೆ ಹರಿದು ರ‍್ಯಾಕು ತುಂಬಿಹೋಯಿತು. ಇಡಲು ಜಾಗವಿಲ್ಲದೆ ಅಚ್ಚಿನವರೂ ನಿಂತರು.

"ಚೆನ್ನಾಗಿದೆ ನಿಮ್ಮ ಬೀರು. ನಾಳೆ ಕನ್ನಡೀನೂ ಹಾಕಿಸಿ," ಎಂದರು ಮ್ಯಾನೇಜರ್.

ನಗು ಎದ್ದಿತು. ಅವಳು ನಲ್ಲಿಯಡಿ ಕೈ ತೊಳೆಯುತ್ತಾ ಬಹಳ ಹೊತ್ತು ನಿಂತಳು. ಬೆಳಿಗ್ಗೆಯ ಖಾಲಿ ರ‍್ಯಾಕು, ಮಧ್ಯಾಹ್ನದ ತುಂಬಿದ ರ‍್ಯಾಕು ಕಣ್ಣ ಮುಂದಿಂದ ಹೋಗಲೊಲ್ಲವು. ತಟ್ಟನೆ ನಲ್ಲಿ ನಿಲ್ಲಿಸಿ ಮೈದುನನನ್ನು ಕೂಗಿದಳು.

"ಏ, ತಪ್ಪು ರ‍್ಯಾಕಿಂದಲ್ಲ ಕಣೋ! ಖಾಲಿ ಇದ್ರೆ ನನಗೆ ಕೆಲಸ ಇಲ್ಲ, ತುಂಬಿದ್ರೆ ಅವರಿಗೆ ಜಾಗ ಇಲ್ಲ. ಅರ್ಧ ತುಂಬಿಸಿಕೊಂಡೇ ಶುರು ಮಾಡ್ಬೇಕು. ಸಾಮಾನೂ ಇರ್ಬೇಕು, ಜಾಗಾನೂ ಇರ್ಬೇಕು."

ಮರುದಿನ ಅಚ್ಚಿನವರು ಎಂಟು ನಿಮಿಷ ಮೊದಲೇ ಶುರು ಮಾಡಿ ಮುನ್ನೂರು ಚಿಲ್ಲರೆ ಸಾಬೂನನ್ನು ರ‍್ಯಾಕಿಗೇರಿಸಿದರು. ಒಂಬತ್ತೂ ಕಾಲಿಗೆ ಅಚ್ಚು ಮುನಿಸಿಕೊಂಡಿತು. ಅವಳು ರ‍್ಯಾಕಿನ ತಟ್ಟೆಗಳನ್ನು ಎಳೆದೆಳೆದು ಬೆಲ್ಟಿಗೆ ಸುರಿದಳು. ಸುತ್ತುವ ಯಂತ್ರ ಉಸಿರೂ ಬಿಡದೆ ಓಡಿತು. ಆರನೆಯ ನಿಮಿಷಕ್ಕೆ ಮೈದುನ ಅಚ್ಚು ಬಿಡಿಸಿದ. ಹತ್ತಕ್ಕೆ ಅವಳ ಕಾಗದ ಹರಿಯಿತು. ಈಗ ಅಚ್ಚಿನವರು ಖಾಲಿ ತಟ್ಟೆ ತುಂಬಿಸತೊಡಗಿದರು. ರ‍್ಯಾಕು ಇಳಿಯಿತು, ಏರಿತು, ಮತ್ತೆ ಇಳಿಯಿತು. ಯಂತ್ರಗಳು ಎಂದಿನಷ್ಟೇ ಸಲ ಕೆಟ್ಟವು. ಆದರೆ ಒಂದು ಕೆಟ್ಟರೆ ಇನ್ನೊಂದು ತಿರುಗಿಯೂ ನೋಡಲಿಲ್ಲ.

ಸಂಜೆ ಮ್ಯಾನೇಜರ್ ಎಣಿಕೆಯ ಮೀಟರಿನ ಮುಂದೆ ಬಗ್ಗಿದರು. ಕನ್ನಡಕ ಒರೆಸಿ ಮತ್ತೆ ಬಗ್ಗಿದರು. ಹದಿನಾರು ಸಾವಿರದ ಏಳುನೂರ ನಲವತ್ತು!

ಅಚ್ಚಿನವರು ಹೋ ಎಂದು ಕೂಗಿ ತಟ್ಟೆಗಳನ್ನು ಬಡಿದರು. ಮೈದುನ ಸ್ಪ್ಯಾನರ್ ಮೇಲೆತ್ತಿ, "ನಮ್ಮತ್ತಿಗೆ ಕಣ್ರೋ!" ಎಂದು ಅರಚಿದ.

ಮ್ಯಾನೇಜರ್ ಅವಳತ್ತ ತಿರುಗಿದರು. "ಲೈನ್ ಮುಚ್ಚೋ ಮಾತು ಇಲ್ಲಿಗೆ ಬಿಟ್ಟೆ. ಅಕ್ಕಾ, ಪಕ್ಕದ ಲೈನಿನವರೂ ಬಂದಿದ್ದಾರೆ. ಅವರಿಗೂ ಸ್ವಲ್ಪ ಹೇಳಿಕೊಡ್ತೀರಾ?"

ಅಕ್ಕ ಎಂದು ಅವರು ಕರೆದದ್ದು ಅದೇ ಮೊದಲು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಕವುಚಿ ಹಾಕಿದ ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು.

"ಎಲ್ಲರಿಗೂ ಕೇಳಿಸ್ತಿದೆಯಾ?" ಎಂದಳು. ಕಾರ್ಖಾನೆಯ ಆ ತುದಿಯವರೆಗೂ ಕೇಳಿಸಿತು.